ಹಾಡಿನ ನಾಟಕ ಆಡುವ ನಮ್ಮ ತಂಡ: ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಮಲೆನಾಡಿನ ಒಂದು ಪೇಟೆಯ ಹವ್ಯಾಸಿ ತಂಡ. ಹಗಲು ಶಾಲೆ, ಅಂಗಡಿ, ತೋಟ, ಬ್ಯಾಂಕು. ಸಂಜೆಯಾದ ಮೇಲೆ ನಾಟಕ. ಅದರಲ್ಲೂ ಹಾಡೇ ಮುಖ್ಯವಾದ ನಾಟಕ. ಟಿಕೆಟ್ ಮಾರುವಾಗ, ಚಹಾ ಕುಡಿಯುವಾಗ, ಫೋನಿನಲ್ಲಿ, ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಬರೆಯುತ್ತಿರುವ ನಾನು ತಂಡದ ಮೇಳದಲ್ಲಿ, ಅಂದರೆ ಒಟ್ಟಾಗಿ ಹಾಡುವ ಗುಂಪಿನಲ್ಲಿ, ಹಾಡುವವಳು.

ಎಲ್ಲ ನಾಟಕದಲ್ಲೂ ಹಾಡು ಇರುತ್ತೆ. ನಿಮ್ಮದರಲ್ಲಿ ಏನು ಬೇರೆ?

ನಾವು ಒಂದು ಸಣ್ಣ ಪರೀಕ್ಷೆ ಇಟ್ಟುಕೊಂಡಿದ್ದೇವೆ. ಹಾಡು ತೆಗೆದುಹಾಕಿ ನಾಟಕ ಓದಿ. ಕತೆ ಏನೂ ಆಗದ ಹಾಗೆ ಮುಂದೆ ಸಾಗಿದರೆ ಆ ಹಾಡು ಬರೀ ಒಗ್ಗರಣೆ. ಕತೆ ನಿಂತೇ ಹೋದರೆ ಅದು ನಮ್ಮ ನಾಟಕ.

ಕವಿ ಪು.ತಿ.ನ. ಅವರ ಹಾಡಿನ ನಾಟಕ 'ಗೋಕುಲ ನಿರ್ಗಮನ' ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಕ್ರೂರ ಬಂದು ಕೃಷ್ಣನನ್ನು ಮಧುರೆಗೆ ಕರೆದುಕೊಂಡು ಹೋಗುತ್ತಾನೆ. ಅಷ್ಟೇ ಕತೆ. ಒಂದು ವಾಕ್ಯದಲ್ಲಿ ಮುಗಿಯಿತು. ಆದರೆ ಹೋಗುವವನ ಸಂಕಟ, ಉಳಿಯುವವರ ಸಂಕಟ ಇರುವುದೆಲ್ಲ ಹಾಡಿನಲ್ಲಿ. ಅದನ್ನು ಮಾತಿನಲ್ಲಿ ಹೇಳಲು ಹೋದರೆ ಹತ್ತು ನಿಮಿಷವೂ ನಿಲ್ಲುವುದಿಲ್ಲ.

ಅಂದರೆ ಕಂಪನಿ ನಾಟಕದ ಹಾಗಾ? ಯಕ್ಷಗಾನದ ಹಾಗಾ?

ಎರಡರ ಸಾಲವೂ ನಮ್ಮ ಮೇಲಿದೆ. ಇದರ ಹಿಂದೆ ನನಗೆ ತುಂಬಾ ಇಷ್ಟವಾದ ಒಂದು ಕತೆ ಇದೆ, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ಹೊನ್ನಾವರದ ಹತ್ತಿರ ಕರ್ಕಿ ಅಂತ ಊರು. ಅಲ್ಲಿಯ ಯಕ್ಷಗಾನ ಮೇಳ 1842ರಲ್ಲಿ ಸಾಂಗ್ಲಿಗೆ ಹೋಗಿ ಆಟ ಆಡಿತು. ಆಟ ನೋಡಿದ ಸಾಂಗ್ಲಿಯ ದೊರೆ, ಇಂಥದ್ದು ಮರಾಠಿಯಲ್ಲೂ ಆಗಲಿ ಎಂದು ಆಸೆಪಟ್ಟರು. ಮರುವರ್ಷ, 1843ರಲ್ಲಿ, ವಿಷ್ಣುದಾಸ ಭಾವೆ 'ಸೀತಾ ಸ್ವಯಂವರ' ಆಡಿಸಿದರು. ಮರಾಠಿ ರಂಗಭೂಮಿಯ ಲೆಕ್ಕ ಶುರುವಾಗುವುದು ಅಲ್ಲಿಂದ. ಆಮೇಲೆ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರ್ 1880ರಲ್ಲಿ ಪುಣೆಯಲ್ಲಿ 'ಸಂಗೀತ ಶಾಕುಂತಲ' ತಂದರು. ಆ ಮರಾಠಿ ನಾಟಕಗಳ ಮಟ್ಟುಗಳು, ಅಂದರೆ ಹಾಡಿನ ಧಾಟಿಗಳು, ತಿರುಗಿ ಹುಬ್ಬಳ್ಳಿ, ಧಾರವಾಡ, ಗದಗಿಗೆ ಬಂದವು. ನಮ್ಮ ಕಂಪನಿಗಳು, ಅಂದರೆ ನಾಟಕವನ್ನೇ ವೃತ್ತಿ ಮಾಡಿಕೊಂಡ ತಂಡಗಳು, ಅವಕ್ಕೆ ಕನ್ನಡ ಸಾಹಿತ್ಯ ಕೂರಿಸಿ ಹಾಡಿದವು. ಕರಾವಳಿಯಿಂದ ಹೊರಟ ಹಾಡು ಘಟ್ಟ ಹತ್ತಿ, ಭಾಷೆ ಬದಲಿಸಿ, ಬೇರೆ ದಾರಿಯಲ್ಲಿ ಮನೆಗೆ ಬಂತು ಅಂತ ನನಗೆ ಅನಿಸುತ್ತದೆ.

ಇನ್ನು ಈ ಕಡೆ ಗುಬ್ಬಿ ಕಂಪನಿ 1884ರಲ್ಲೇ ಶುರುವಾಗಿತ್ತು. ಬಂಟ್ವಾಳದ ಕಡೆಯ ಒಬ್ಬ ಹುಡುಗ ಮನೆಬಿಟ್ಟು ಓಡಿಬಂದು ಆ ಕಂಪನಿ ಸೇರಿದ. ಅವರೇ ಬಿ.ವಿ. ಕಾರಂತರು. 1972ರಲ್ಲಿ ಬೆಂಗಳೂರಿನಲ್ಲಿ ಅವರು 'ಈಡಿಪಸ್', 'ಸಂಕ್ರಾಂತಿ', 'ಜೋಕುಮಾರಸ್ವಾಮಿ' ಆಡಿಸಿದ ಮೇಲೆ ಹವ್ಯಾಸಿಗಳಿಗೂ ಧೈರ್ಯ ಬಂತು. ಅಲ್ಲಿಯವರೆಗೆ ಹಾಡು ಅಂದರೆ ಕಂಪನಿಯವರದ್ದು, ಓದಿದವರ ನಾಟಕಕ್ಕೆ ಬರೀ ಮಾತು ಸಾಕು ಅನ್ನುವ ಭಾವನೆ ಇತ್ತು. ಕಾರಂತರು ಕಲ್ಲು, ಬಿದಿರು, ಉಸಿರು, ಕೂಗು ಎಲ್ಲದರಿಂದಲೂ ಸಂಗೀತ ತೆಗೆದರು. ಒಳ್ಳೇ ಕಂಠ ಇಲ್ಲದವರೂ ನಾಟಕದಲ್ಲಿ ಹಾಡಬಹುದು ಅಂತ ತೋರಿಸಿದ್ದು ಅವರೇ. ನಮ್ಮಂಥ ತಂಡಗಳು ಬದುಕಿರುವುದು ಆ ಒಂದು ಮಾತಿನ ಮೇಲೆ.

ಲಾಭಕ್ಕಲ್ಲ ಅಂತೀರಿ, ಮತ್ತೆ ಟಿಕೆಟ್ ಯಾಕೆ?

ಲಾಭಕ್ಕಲ್ಲ ಅಂದರೆ ಖರ್ಚಿಲ್ಲ ಅಂತಲ್ಲ. ಹಾಲ್ ಬಾಡಿಗೆ, ಲೈಟು, ಸೌಂಡು, ಸೆಟ್ಟಿನ ಸಾಮಾನು ಹೊರುವ ಗಾಡಿ, ಎಲ್ಲರ ಊಟ. ಜೊತೆಗೆ ಹಾರ್ಮೋನಿಯಂ ಮತ್ತು ತಬಲಾದವರ ಸಂಭಾವನೆ. ನಟರಾದ ನಾವು ದುಡ್ಡು ತೆಗೆದುಕೊಳ್ಳುವುದಿಲ್ಲ. ಆದರೆ ವಾದ್ಯದವರಿಗೆ ಕೊಟ್ಟೇ ಕೊಡುತ್ತೇವೆ. ಅವರ ಮನೆ ನಡೆಯುವುದು ಅದರಲ್ಲೇ. 'ಕಲಾಸೇವೆ' ಅಂತ ಹೇಳಿ ಅವರನ್ನು ಬರಿಗೈಯಲ್ಲಿ ಕಳಿಸುವುದು ನಮಗೆ ಸರಿ ಕಾಣುವುದಿಲ್ಲ.

ನಮ್ಮದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಅಡಿಯಲ್ಲಿ ನೋಂದಾಯಿಸಿದ ಸಂಘ. ಹಣ ಉಳಿದರೆ ಸದಸ್ಯರು ಹಂಚಿಕೊಳ್ಳುವ ಹಾಗಿಲ್ಲ. ಅದು ಮುಂದಿನ ನಾಟಕಕ್ಕೇ ಹೋಗಬೇಕು. ಪ್ರತಿ ವರ್ಷ ಸರ್ವಸದಸ್ಯರ ಸಭೆಯಲ್ಲಿ ಲೆಕ್ಕ ಓದುತ್ತೇವೆ. ಸದಸ್ಯರಲ್ಲದವರೂ ಬಂದು ಕೇಳಬಹುದು. ಯಾರೂ ಬರುವುದಿಲ್ಲ, ಬಂದರೆ ನಮಗೆ ಖುಷಿ.

ಟಿಕೆಟ್ ಮೇಲೆ ಜಿಎಸ್‌ಟಿ ಇದೆಯಾ?

ನಾಟಕದ ಟಿಕೆಟ್ ಒಬ್ಬರಿಗೆ 500 ರೂಪಾಯಿ ದಾಟದಿದ್ದರೆ ಜಿಎಸ್‌ಟಿ ಇಲ್ಲ. ನಮ್ಮ ಟಿಕೆಟ್ ಆ ಗೆರೆಯ ಹತ್ತಿರವೂ ಹೋಗುವುದಿಲ್ಲ.

ದೇಣಿಗೆ ಕೊಟ್ಟರೆ ತೆರಿಗೆ ವಿನಾಯಿತಿ ಸಿಗುತ್ತಾ?

ಸಂಘ ನೋಂದಣಿ ಆದ ಮಾತ್ರಕ್ಕೆ ಸಿಗುವುದಿಲ್ಲ. ಅದಕ್ಕೆ ಆದಾಯ ತೆರಿಗೆ ಇಲಾಖೆಯಲ್ಲಿ ಬೇರೆ ನೋಂದಣಿ ಬೇಕು, ಜನ 80ಜಿ ಅನ್ನುತ್ತಾರಲ್ಲ, ಅದು. ಯಾವ ತಂಡಕ್ಕೇ ಕೊಡುವುದಿದ್ದರೂ ಮೊದಲು ಅದನ್ನು ಕೇಳಿ. ನಮಗೆ ಕೊಡುವವರು ಹೆಚ್ಚಾಗಿ ನೂರು, ಇನ್ನೂರು ಕೊಡುವವರು. ಬೇರೆ ಕೆಲವರು ಅಕ್ಕಿ, ತೆಂಗಿನಕಾಯಿ, ಬಾಳೆಗೊನೆ ತಂದು ಕೊಡುತ್ತಾರೆ. ಎಲ್ಲಕ್ಕೂ ರಸೀದಿ ಕೊಡುತ್ತೇವೆ, ಬಾಳೆಗೊನೆಗೂ.

ಈಗ ಒಳ್ಳೊಳ್ಳೇ ಟ್ರ್ಯಾಕ್, ಮೊದಲೇ ರೆಕಾರ್ಡ್ ಮಾಡಿದ ಸಂಗೀತ, ಸಿಗುತ್ತೆ. ಅದನ್ನು ಹಾಕಿ ಆಡಿದರೆ ಖರ್ಚು ಉಳಿಯುತ್ತೆ, ಅಲ್ವಾ?

ಉಳಿಯುತ್ತದೆ. ಆದರೂ ಹಾಕುವುದಿಲ್ಲ. ನಮ್ಮನ್ನು ಅತಿ ಜಾಸ್ತಿ ಕೇಳುವ ಪ್ರಶ್ನೆ ಇದು. ನಮ್ಮ ತಂಡ ಇರುವುದೇ ಯಾಕೆ ಅನ್ನುವುದಕ್ಕೆ ಉತ್ತರವೂ ಇದೇ.

ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲ. ಜನ ನಕ್ಕರು ಅಂದುಕೊಳ್ಳಿ. ನಟ ನಗು ಇಳಿಯುವವರೆಗೆ ನಿಲ್ಲಬೇಕು. ಟ್ರ್ಯಾಕ್ ನಿಲ್ಲುವುದಿಲ್ಲ, ಅದು ತನ್ನ ಪಾಡಿಗೆ ಓಡುತ್ತದೆ. ಹಾಡುವವಳಿಗೆ ಒಂದು ಸಾಲು ಮರೆಯಿತು ಅಂದುಕೊಳ್ಳಿ. ನಮ್ಮ ಹಾರ್ಮೋನಿಯಂ ಮಾಸ್ತರರು ಅವಳ ಮುಖ ನೋಡಿಯೇ ತಿಳಿದುಕೊಳ್ಳುತ್ತಾರೆ. ಹಿಂದಿನ ಸಾಲನ್ನೇ ಇನ್ನೊಮ್ಮೆ ನುಡಿಸುತ್ತಾರೆ, ಮೇಳದವರು ಎತ್ತಿಕೊಳ್ಳುತ್ತೇವೆ, ಅಷ್ಟರಲ್ಲಿ ಅವಳಿಗೆ ನೆನಪಾಗಿರುತ್ತದೆ. ಕೂತವರಿಗೆ ಅದು ಬೇಕೆಂದೇ ಎರಡು ಸಲ ಹಾಡಿದ ಹಾಗೆ ಕೇಳುತ್ತದೆ. ಆ ನೋಟ ಯಂತ್ರಕ್ಕೆ ಬರುವುದಿಲ್ಲ.

ಒಂದು ರಾತ್ರಿಯ ವಿಷಯ ಹೇಳುತ್ತೇನೆ. ಹಳ್ಳಿಯೊಂದರ ಶಾಲೆಯ ಬಯಲಿನಲ್ಲಿ 'ಗೋಕುಲ ನಿರ್ಗಮನ' ಆಡುತ್ತಿದ್ದೆವು. ಕೊನೆಯ ಭಾಗ. ಕೃಷ್ಣ ಹೊರಟಾಗಿದೆ, ಗೋಪಿಯರು ನಿಂತಿದ್ದಾರೆ. ಹಾಡಿನ ಎರಡನೇ ಸಾಲಿಗೆ ಕರೆಂಟು ಹೋಯಿತು. ಲೈಟಿಲ್ಲ, ಮೈಕಿಲ್ಲ. ಹಾಡುತ್ತಿದ್ದ ಹುಡುಗಿಗೆ ಆಗ ಹತ್ತೊಂಬತ್ತು ವರ್ಷ, ಅದು ಅವಳ ಎರಡನೇ ಪ್ರದರ್ಶನ. ಅವಳು ನಿಲ್ಲಿಸಲಿಲ್ಲ. ಮಾಸ್ತರರು ಹಾರ್ಮೋನಿಯಂಗೆ ಗಾಳಿ ತುಂಬುವ ಬಾತೆ ಸ್ವಲ್ಪ ಜೋರಾಗಿ ಒತ್ತಿದರು. ತಬಲಾದವರು ಕೈ ಹಗುರ ಮಾಡಿದರು, ಅವಳ ದನಿ ಮುಳುಗಬಾರದು ಅಂತ. ಕತ್ತಲಲ್ಲಿ ನಮಗೆ ಯಾರ ಮುಖವೂ ಕಾಣುತ್ತಿರಲಿಲ್ಲ. ಮುಂದೆ ಕೂತಿದ್ದ ಮಕ್ಕಳು ಸದ್ದು ನಿಲ್ಲಿಸಿದರು. ಹಿಂದೆ ಬೈಕಿನ ಮೇಲೆ ಕೂತು ಹರಟುತ್ತಿದ್ದವರೂ ಸುಮ್ಮನಾದರು. ಗಾಳಿಗೆ ಪರದೆ ಪಟಪಟ ಅನ್ನುವುದು ಕೇಳುತ್ತಿತ್ತು. ಹಾಡು ಮುಗಿದ ಎಷ್ಟೋ ಹೊತ್ತಿನ ಮೇಲೆ ಜನರೇಟರ್ ಶುರುವಾಯಿತು. ದೀಪ ಬಂದಾಗ ನೋಡಿದರೆ ಹಿಂದಿದ್ದವರೆಲ್ಲ ನಡೆದು ರಂಗದ ಹತ್ತಿರಕ್ಕೇ ಬಂದು ನಿಂತಿದ್ದರು.

ಟ್ರ್ಯಾಕ್ ಹಾಕಿದ್ದರೆ ಆ ರಾತ್ರಿ ನಾಟಕ ಅಲ್ಲಿಗೇ ನಿಲ್ಲುತ್ತಿತ್ತು.

ನನಗೆ ಸಂಗೀತ ಬರಲ್ಲ. ಸೇರಬಹುದಾ?

ಬನ್ನಿ. ಸಂಗೀತ ಕಲಿತಿರಬೇಕು ಅಂತ ನಾವು ಕೇಳುವುದೇ ಇಲ್ಲ. ಶ್ರುತಿಗೆ ಸೇರುವ ಕಿವಿ ಇದ್ದರೆ ಸಾಕು. ಅದು ಬಹಳ ಮಂದಿಗೆ ಇರುತ್ತದೆ, ಅವರಿಗೆ ಗೊತ್ತಿರುವುದಿಲ್ಲ ಅಷ್ಟೇ.

ಮೊದಲ ದಿನ ಮಾಸ್ತರರು ಒಂದು ಸ್ವರ ಒತ್ತಿ ಹಿಡಿಯುತ್ತಾರೆ. ನೀವು 'ಆ' ಅನ್ನಬೇಕು. ಸೇರದಿದ್ದರೆ ಹಾರ್ಮೋನಿಯಂನ ಪಕ್ಕದ ಮನೆ, ಅಂದರೆ ಪಕ್ಕದ ಕೀಲಿ, ಒತ್ತುತ್ತಾರೆ. ಹೀಗೆ ನಿಮ್ಮ ದನಿ ಎಲ್ಲಿ ಆರಾಮಾಗಿ ಕೂರುತ್ತದೆ ಅಂತ ಹುಡುಕುತ್ತಾರೆ. ನಮ್ಮಲ್ಲಿ ಗಂಡಸರು ಹೆಚ್ಚಾಗಿ ಕಪ್ಪು ಒಂದಕ್ಕೆ, ಅಂದರೆ ಮೊದಲನೇ ಕಪ್ಪು ಮನೆಯ ಶ್ರುತಿಗೆ, ಹಾಡುತ್ತಾರೆ. ಹೆಂಗಸರಿಗೆ ಅದು ತೀರಾ ಕೆಳಗಾಗುತ್ತದೆ, ಕಪ್ಪು ಮೂರು ಬೇಕು. ಹಾಗಾದರೆ ಇಬ್ಬರೂ ಸೇರಿ ಹಾಡುವುದು ಹೇಗೆ? ಇಲ್ಲೊಂದು ಸೊಗಸಿದೆ. ಕಪ್ಪು ಒಂದನ್ನು ಷಡ್ಜ ('ಸ') ಮಾಡಿಕೊಂಡರೆ ಅದರ ಮಧ್ಯಮ ('ಮ') ಬಂದು ಬೀಳುವುದು ಸರಿಯಾಗಿ ಕಪ್ಪು ಮೂರರ ಮೇಲೇ. ಗಂಡಸರ 'ಮ' ಹೆಂಗಸರ 'ಸ' ಆಗುತ್ತದೆ. ಹಾಡಿನ ನಡುವೆ ಮಾಸ್ತರರು ಆ 'ಮ' ಮೇಲೆ ಒಂದು ಗಳಿಗೆ ನಿಲ್ಲುತ್ತಾರೆ, ಹೆಂಗಸರು ಅದನ್ನೇ ಹಿಡಿದು ಎತ್ತುತ್ತೇವೆ. ರಂಗದ ಮೇಲೆ ವಸುದೇವನ ಮಾತಿಗೆ ದೇವಕಿ ಉತ್ತರ ಕೊಟ್ಟ ಹಾಗೆ ಕೇಳುತ್ತದೆ, ಎಲ್ಲೂ ಎಳೆದಾಟ ಇಲ್ಲ.

ಮೊದಲ ವರ್ಷ ಎಲ್ಲರೂ ಮೇಳದಲ್ಲೇ. ಮೇಳ ಅಂದರೆ ಸುಮ್ನೆ ಹಿಂದೆ ಕೂರುವುದಲ್ಲ. ಕಾಡು ನಾವೇ, ಹೊಳೆ ನಾವೇ, ಊರಿನ ಬಾಯಿಯೂ ನಾವೇ. ನನಗೆ ದೊಡ್ಡ ಪಾತ್ರ ಕೊಟ್ಟಾಗಲೂ ಬೇಡ ಅಂದು ಮೇಳದಲ್ಲೇ ಉಳಿದಿದ್ದೇನೆ.

ಎಷ್ಟು ವಯಸ್ಸಿನವರು ಸೇರಬಹುದು?

ಹತ್ತು ದಾಟಿದ ಮಕ್ಕಳಿಂದ ಹಿಡಿದು ಯಾರಾದರೂ. ಹುಡುಗರಿಗೆ ದನಿ ಒಡೆಯುವ ಹೊತ್ತಿನಲ್ಲಿ ಹಾಡಿಸುವುದಿಲ್ಲ. ಆ ಎರಡು ವರ್ಷ ತಾಳ, ಗೆಜ್ಜೆ, ಪರದೆ ಅವರ ಕೈಗೆ. ಪರೀಕ್ಷೆ ಇರುವ ಮಕ್ಕಳನ್ನು ಜನವರಿಯ ನಂತರ ಕರೆಯುವುದಿಲ್ಲ.

ತಾಲೀಮು ಯಾವಾಗ?

ಮಳೆಗಾಲದಲ್ಲಿ. ತೋಟದ ಕೆಲಸ ಕಮ್ಮಿ, ಸಂಜೆ ಬೇಗ ಕತ್ತಲಾಗುತ್ತದೆ, ಹೊರಗೆ ಹೋಗಲು ಬೇರೆ ಜಾಗವೂ ಇಲ್ಲ. ಜುಲೈಯಲ್ಲಿ ಓದು, ಆಗಸ್ಟಿನಲ್ಲಿ ಹಾಡು, ಸೆಪ್ಟೆಂಬರಿನಲ್ಲಿ ರಂಗದ ಮೇಲಿನ ನಡೆ. ಹೆಂಚಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಹಾಡಿ ರೂಢಿಯಾದವರಿಗೆ ಯಾವ ಬಯಲಲ್ಲೂ ದನಿ ಮುಟ್ಟಿಸುವುದು ಕಷ್ಟವಾಗುವುದಿಲ್ಲ. ಕಲಿತ ಕ್ರಮ ನಮ್ಮದಲ್ಲ, ಹೆಗ್ಗೋಡಿನದು. ಮುಂದಿನ ಉತ್ತರ ನೋಡಿ.

ನೀವು ನೀನಾಸಂನವರಾ?

ಅಲ್ಲ. ಆದರೆ ಆ ಮರದ ನೆರಳಿನಲ್ಲೇ ಬೆಳೆದವರು.

ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಊರಿನವರು ಕಟ್ಟಿಕೊಂಡ ಸಂಘ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅದೇ ನೀನಾಸಂ. ಅಡಿಕೆ ತೋಟದ ನಡುವಿನ ಊರಲ್ಲಿ ಕೆ.ವಿ. ಸುಬ್ಬಣ್ಣ ಅದನ್ನು ಬೆಳೆಸಿದರು. 1980ರಲ್ಲಿ ರಂಗಶಿಕ್ಷಣ ಕೇಂದ್ರ ಶುರುವಾಯಿತು, 1985ರಲ್ಲಿ ಊರೂರಿಗೆ ನಾಟಕ ಒಯ್ಯುವ ತಂಡ 'ತಿರುಗಾಟ'. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮಳೆಗಾಲದಲ್ಲಿ ನಾಟಕ ಕಟ್ಟುತ್ತಾರೆ, ಅಕ್ಟೋಬರಿನ ಹೊತ್ತಿಗೆ ಸಂಸ್ಕೃತಿ ಶಿಬಿರದಲ್ಲಿ ಆಡುತ್ತಾರೆ, ಆಮೇಲೆ ಊರೂರಿಗೆ ಹೊರಡುತ್ತಾರೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಿವಸಂಚಾರವೂ 1997ರಿಂದ ಹೀಗೇ ನಾಟಕ ಹೊತ್ತು ತಿರುಗುತ್ತಿದೆ.

ತಿರುಗಾಟ ನಮ್ಮ ಪೇಟೆಗೆ ಬಂದಾಗ ಅವರಿಗೆ ಬೆಂಚು ಹೊತ್ತು ಕೊಟ್ಟವರು, ಅನ್ನ ಬಡಿಸಿದವರು, ಟಿಕೆಟ್ ಹರಿದವರು ನಾವು. ಹೀಗೆ ಮಾಡುತ್ತಾ ಮಾಡುತ್ತಾ ನಾವೇ ಯಾಕೆ ಆಡಬಾರದು ಅನಿಸಿತು. ಬಂದ ತಂಡ ನಾಟಕ ಆಡಿ ಹೋಗುವುದು ಮಾತ್ರವಲ್ಲ, ಹೋದ ಮೇಲೆ ಊರಲ್ಲಿ ಒಂದು ತಂಡ ಹುಟ್ಟುವುದೂ ಅದರ ಕೆಲಸ ಅಂತ ನಾನು ನಂಬಿದ್ದೇನೆ.

ಸಿನಿಮಾ ಹಾಡಿನ ಮಟ್ಟು ಬಳಸುತ್ತೀರಾ?

ಇಲ್ಲ. ಹಿಂದಿನ ಕಂಪನಿಗಳು ಬೇರೆಯವರ ಮಟ್ಟು ತೆಗೆದುಕೊಂಡಿದ್ದವು, ನಿಜ. ಆದರೆ ಈಗ ಜನರ ಕಿವಿಯಲ್ಲಿ ಸಿನಿಮಾ ಹಾಡಿನ ಜೊತೆ ಆ ದೃಶ್ಯವೂ ಅಂಟಿಕೊಂಡಿರುತ್ತದೆ. ರಂಗದ ಮೇಲೆ ಗೋಪಿ ನಿಂತಿದ್ದರೂ ಅವರಿಗೆ ಹೀರೋಯಿನ್ ಕಾಣುತ್ತಾಳೆ. ಜೊತೆಗೆ ಹಕ್ಕಿನ ಪ್ರಶ್ನೆಯೂ ಇದೆ.

ನಮ್ಮ ಕಾಲೇಜಿನಲ್ಲೂ ಒಂದು ನಾಟಕ ಮಾಡಬೇಕು. ಯಾರ ಅನುಮತಿ ಬೇಕು?

ನೀವು ಕೇಳಿದ್ದು ನನಗೆ ನಿಜವಾಗಿ ಸಂತೋಷ. ಎಷ್ಟೋ ಕಡೆ ಕೇಳುವುದೇ ಇಲ್ಲ. ಬರೆದವರಿಗೆ ಒಂದು ಕಾಗದವೂ ಹೋಗುವುದಿಲ್ಲ.

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದವರ ಹಕ್ಕು ಅವರ ಜೀವಮಾನ ಪೂರ್ತಿ, ತೀರಿಕೊಂಡ ಮೇಲೆ ಇನ್ನೂ 60 ವರ್ಷ. ಪು.ತಿ.ನ. ತೀರಿಕೊಂಡದ್ದು 1998ರಲ್ಲಿ. ಹಾಗಾಗಿ ಅವರ ಕೃತಿಗಳ ಹಕ್ಕು 2058ರ ಕೊನೆಯವರೆಗೆ ಇರುತ್ತದೆ. ಶೇಕ್ಸ್‌ಪಿಯರ್‌ಗೆ ಹಕ್ಕಿಲ್ಲ, ಆದರೆ ಅವನನ್ನು ಕನ್ನಡಕ್ಕೆ ತಂದವರಿಗೆ ಇದೆ. ಇದನ್ನು ಬಹಳ ಜನ ಮರೆಯುತ್ತಾರೆ.

ಹಾಡಿನ ನಾಟಕದಲ್ಲಿ ಕೆಲಸ ಇನ್ನೂ ಜಾಸ್ತಿ. 'ನಾಗಮಂಡಲ'ವನ್ನೇ ನೋಡಿ. ನಾಟಕ ಗಿರೀಶ ಕಾರ್ನಾಡರದು. ಎಲ್ಲರ ಬಾಯಲ್ಲಿರುವ ಹಾಡುಗಳನ್ನು ಬರೆದವರು ಗೋಪಾಲ ವಾಜಪೇಯಿ. ಮಟ್ಟು ಹಾಕಿದವರು ಸಿ. ಅಶ್ವತ್ಥ್. ಪುಸ್ತಕದಂಗಡಿಯಲ್ಲಿ ನಾಟಕ ಕೊಂಡರೆ ಹಾಡೂ ಮಟ್ಟೂ ಅದರ ಜೊತೆ ಬಂತು ಅಂತ ತಿಳಿಯಬೇಡಿ. ಮೂರು ಕಡೆ ಕೇಳಬೇಕು.

ಹವ್ಯಾಸಿ ಸಂಘ ಟಿಕೆಟ್ ಇಲ್ಲದೆ, ಪುಕ್ಕಟೆ ಜನರಿಗೆ ಆಡಿದರೆ ಕಾಯ್ದೆಯಲ್ಲಿ ವಿನಾಯಿತಿ ಇದೆ. ಆಗಲೂ ನಾವು ಕಾಗದ ಬರೆಯುತ್ತೇವೆ. ನಮ್ಮ ಅನುಭವದಲ್ಲಿ ಮನೆಯವರು ಬೇಡ ಅಂದದ್ದು ಇಲ್ಲವೇ ಇಲ್ಲ. ಒಬ್ಬ ಹಿರಿಯರು ಒಪ್ಪಿಗೆ ಕೊಟ್ಟದ್ದಲ್ಲದೆ, ನಾಟಕ ನೋಡಲು ಬಸ್ಸಿನಲ್ಲಿ ಬಂದಿದ್ದರು.

ನಮ್ಮೂರಿಗೆ ಬಂದು ಆಡುತ್ತೀರಾ? ಏನೇನು ವ್ಯವಸ್ಥೆ ಬೇಕು?

ನವೆಂಬರಿನಿಂದ ಮಾರ್ಚ್‌ವರೆಗೆ, ಶನಿವಾರ, ಭಾನುವಾರ ಬರುತ್ತೇವೆ. ಅಗಲ ಮೂವತ್ತು ಅಡಿ, ಒಳಗೆ ಇಪ್ಪತ್ತು ಅಡಿ ಜಾಗ ಬೇಕು. ಕಡಿಮೆಯಿದ್ದರೆ ಮೊದಲೇ ಹೇಳಿ, ಮೇಳವನ್ನು ಕೆಳಗೆ ಕೂರಿಸುತ್ತೇವೆ. ವಾದ್ಯದವರು ರಂಗದ ಒಂದು ಬದಿಯಲ್ಲಿ, ನಟರಿಗೆ ಕಾಣುವ ಹಾಗೆ ಕೂರಬೇಕು. ಇದರಲ್ಲಿ ಮಾತ್ರ ರಾಜಿ ಇಲ್ಲ. ಪರದೆಯ ಹಿಂದೆ ಕೂರಿಸಿದರೆ ಮೇಲೆ ಹೇಳಿದೆನಲ್ಲ, ಆ ಮುಖ ನೋಡುವ ಕೆಲಸ ನಿಂತುಹೋಗುತ್ತದೆ.

ಕಲ್ಯಾಣಮಂಟಪಕ್ಕಿಂತ ಶಾಲೆಯ ಬಯಲು ವಾಸಿ. ಮಂಟಪದ ಗೋಡೆ, ನೆಲ ಎಲ್ಲ ನುಣುಪು. ಹಾಡಿದ ಸಾಲು ತಿರುಗಿ ಬಂದು ಮುಂದಿನ ಸಾಲಿನ ಮೇಲೆ ಬೀಳುತ್ತದೆ, ಸಾಹಿತ್ಯ ಒಂದೂ ತಿಳಿಯುವುದಿಲ್ಲ. ಮಂಟಪವೇ ಆಗಬೇಕೆಂದರೆ ಗೋಡೆಗೆ ಜಮಖಾನ, ಹಳೇ ಕಂಬಳಿ ನೇತುಹಾಕಿ. ಊಟದ ಮನೆಯಲ್ಲಿ ಪಾತ್ರೆ ತೊಳೆಯುವುದನ್ನು ನಾಟಕ ಮುಗಿಯುವವರೆಗೆ ನಿಲ್ಲಿಸಿ.

ಒಂದು ಕಡೆ ಸಂಜೆ ನಾವು ಹೋಗಿ ಇಳಿದರೆ ಅದೇ ಜಾಗದಲ್ಲಿ ನಿಶ್ಚಿತಾರ್ಥಕ್ಕೆ ಶಾಮಿಯಾನ ಎದ್ದಿತ್ತು. ನಮಗೂ ಅವರಿಗೂ ಒಂದೇ ದಿನ ಕೊಟ್ಟಿದ್ದರು. ಅಂದಿನಿಂದ ಜಾಗ ಬುಕ್ ಮಾಡಿದ ಚೀಟಿಯ ಫೋಟೊ ಕಳಿಸಿ ಅಂತ ಕೇಳುತ್ತೇವೆ. ಬೇಸರ ಮಾಡಿಕೊಳ್ಳಬೇಡಿ.

ಉಳಿಯಲು ಲಾಡ್ಜ್ ಬೇಡ. ಮನೆ ಮನೆಗೆ ಇಬ್ಬರು, ಮೂವರಂತೆ ಹಂಚಿಕೊಳ್ಳಿ. ರಾತ್ರಿ ನಾಟಕ ಮುಗಿದ ಮೇಲೆ ಅಡುಗೆಮನೆಯಲ್ಲಿ ಕೂತು ಆ ಮನೆಯವರು 'ಆ ಹಾಡು ಇನ್ನೊಂದು ಸಲ ಹೇಳಿ' ಅನ್ನುತ್ತಾರೆ. ನಮಗೆ ಸಿಗುವ ದೊಡ್ಡ ಒನ್ಸ್ ಮೋರ್ ಅದೇ. ಪ್ರದರ್ಶನಕ್ಕೆ ಮುಂಚೆ ಮೊಸರು, ಕರಿದ ತಿಂಡಿ ಬೇಡ, ಬಿಸಿನೀರು ಇದ್ದರೆ ಸಾಕು.

ಮೊಬೈಲಿನಲ್ಲಿ ವಿಡಿಯೊ ಮಾಡಬಹುದಾ?

ದಯವಿಟ್ಟು ಬೇಡ. ಮೊಬೈಲಿನ ಬೆಳಕು ಹಿಂದಿನವರ ಕಣ್ಣಿಗೆ ಹೊಡೆಯುತ್ತದೆ. ನಾಟಕ ಮುಗಿದ ಮೇಲೆ ಎಲ್ಲರೂ ರಂಗದ ಮೇಲೆ ನಿಲ್ಲುತ್ತೇವೆ, ಆಗ ಎಷ್ಟು ಬೇಕಾದರೂ ತೆಗೆಯಿರಿ.

ತಡವಾಗಿ ಬಂದರೆ ಒಳಗೆ ಬಿಡುತ್ತೀರಾ?

ಬಿಡುತ್ತೇವೆ, ಹಾಡಿನ ನಡುವೆ ಮಾತ್ರ ಬಾಗಿಲಲ್ಲೇ ನಿಲ್ಲಬೇಕು. ನಾಟಕದ ಶುರುವಿನ ಹಾಡು ನಾಂದಿ, ಅದನ್ನು ತಪ್ಪಿಸಿಕೊಳ್ಳಬೇಡಿ. ಅಂದಿನ ಶ್ರುತಿ, ಅಂದಿನ ಹುರುಪು ಎರಡೂ ಅಲ್ಲೇ ಗೊತ್ತಾಗುತ್ತದೆ.

ಚಿಕ್ಕ ಮಗುವನ್ನು ಕರೆದುಕೊಂಡು ಬರಬಹುದಾ?

ಖಂಡಿತ. ಅತ್ತರೆ ಸ್ವಲ್ಪ ಹೊರಗೆ ಹೋಗಿ ಬನ್ನಿ. ನಮ್ಮ ಮೇಳದ ಅರ್ಧ ಮಂದಿ ಅಮ್ಮನ ಮಡಿಲಲ್ಲಿ ನಾಟಕ ನೋಡಿದವರೇ.

ಅಜ್ಜನ ಕಾಲದ ಹಾರ್ಮೋನಿಯಂ ಮನೆಯಲ್ಲಿ ಸುಮ್ನೆ ಬಿದ್ದಿದೆ. ತಗೊಳ್ತೀರಾ?

ತೆಗೆದುಕೊಳ್ಳುತ್ತೇವೆ, ಎಷ್ಟು ಹಾಳಾಗಿದ್ದರೂ ಸರಿ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತು, ಮತ್ತೆ ಒಳಗೆ ಬಿಟ್ಟದ್ದು ಮೂವತ್ತು ವರ್ಷದ ನಂತರ. ಅಷ್ಟು ಕಾಲವೂ ಅದನ್ನು ಕೈಬಿಡದೆ ಉಳಿಸಿಕೊಂಡವರಲ್ಲಿ ನಾಟಕದವರು ಮುಂದು. ಈಗ ನಾವು ಬಿಡುತ್ತೇವಾ?

ಕಾಲಲ್ಲಿ ತುಳಿಯುವ ಲೆಗ್ ಹಾರ್ಮೋನಿಯಂ ಇದ್ದರಂತೂ ಗಾಡಿ ತಂದು ಒಯ್ಯುತ್ತೇವೆ. ಎರಡು ಕೈಯೂ ಮನೆಗಳ ಮೇಲೇ ಇರುವುದರಿಂದ ಅದರ ನಾದ ತುಂಬಿಕೊಂಡು ಬರುತ್ತದೆ. ನಮ್ಮಲ್ಲಿ ಒಂದಿದೆ. ಅಡಿಕೆ ಮಂಡಿಯ ಅಟ್ಟದಲ್ಲಿ ಗೋಣಿಚೀಲದ ಕೆಳಗೆ ಸಿಕ್ಕಿತು. ಬಾತೆಯ ಚರ್ಮವನ್ನು ಇಲಿ ತಿಂದಿತ್ತು, ಏಳು ಸ್ವರ ಮೂಕವಾಗಿದ್ದವು. ಮಾಸ್ತರರು ಒಂದು ಬೇಸಿಗೆ ಪೂರ್ತಿ ಕೂತು ಸ್ವರ ಹೊರಡಿಸುವ ರೀಡನ್ನು ಒಂದೊಂದಾಗಿ ಬಿಚ್ಚಿ, ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಧೂಳು ತೆಗೆದು ಸರಿಮಾಡಿದರು. ಆರು ಸ್ವರ ಮಾತಾಡಿದವು. ಒಂದು ಇನ್ನೂ ಇಲ್ಲ, ಆ ಸ್ವರ ಬಂದಾಗ ಮೇಳದವರು ಸ್ವಲ್ಪ ಜೋರಾಗಿ ಹಾಡುತ್ತೇವೆ.

ನಿಮ್ಮ ಪೆಟ್ಟಿಗೆಯನ್ನು ತರುವವರೆಗೆ ನೆಲದ ಮೇಲೆ ಇಡಬೇಡಿ, ಥಂಡಿ ಎಳೆಯುತ್ತದೆ. ಕಂಬಳಿ ಸುತ್ತಿ ಮಂಚದ ಮೇಲಿಡಿ. ಯಾವ ಸಂಜೆಯಾದರೂ ತಾಲೀಮಿನ ಹೊತ್ತಿಗೆ ಬನ್ನಿ, ಮಾಸ್ತರರು ನಿಮ್ಮೆದುರೇ ಬಿಚ್ಚಿ ನೋಡುತ್ತಾರೆ.